ಇನ್ನೂರು ಯೂನಿಟ್ ಊರಲ್ಲಿ, ಕತ್ತಲು ಕಾಫಿ ತೋಟದಲ್ಲಿ

ದೀಪಾವಳಿ ಅಮಾವಾಸ್ಯೆಯ ರಾತ್ರಿ ನಮ್ಮ ತಾಂಡಾಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಿರಿಯರಿಗೆ ‘ಮೇರಾ’ ಹೇಳಿ ಒಳಿತು ಹಾರೈಸುತ್ತಾರೆ. ಅದಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳ ತಾಂಡಾ, ಹಟ್ಟಿ, ಕೇರಿಗಳಿಂದ ಜನ ಗುಳೆ ಹೋಗುವುದು ಹೊಸ ಸುದ್ದಿಯೇನಲ್ಲ. ಕಬ್ಬು ಕಡಿಯಲು ಮಂಡ್ಯದ ಕಡೆ, ಗಾರೆ ಕೆಲಸಕ್ಕೆ ಬೆಂಗಳೂರು, ಹಣ್ಣು ಬಿಡಿಸಲು ಕಾಫಿ ಸೀಮೆ. ಹೋದವರ ಕೂಲಿ, ಮುಂಗಡ, ಸಾಲದ ಬಗ್ಗೆ ಆಗಾಗ ಬರೆಯುತ್ತಾರೆ. ಕಾಫಿ ಸೀಮೆಗೆ ಹೋದವರ ರಾತ್ರಿಯ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಕೂಡ್ಲಿಗಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮೇಷ್ಟ್ರಾಗಿ, ತಾಂಡಾದಲ್ಲಿ ಹುಟ್ಟಿ ಬೆಳೆದವನಾಗಿ ಆ ಬಗ್ಗೆ ಹೇಳಬೇಕಾದ ಒಂದು ಮಾತಿದೆ.

ನನ್ನ ತಂಗಿಯ ಸಂಸಾರವನ್ನೇ ತೆಗೆದುಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಾಂಡಾದಲ್ಲಿ ಸರ್ಕಾರದಿಂದ ಬಂದ ಮನೆ, ಮಳೆ ನಂಬಿದ ಒಂದಿಷ್ಟು ಹೊಲ. ಮೆಕ್ಕೆಜೋಳದ ತೆನೆ ಮುರಿದು ಕಾಳು ಮಾರಿದರೆ ಹೊಲದ ಕೆಲಸ ಮುಗಿಯಿತು. ಅಷ್ಟರೊಳಗೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಕೊಟ್ಟ ಮುಂಗಡ ಬೀಜ–ಗೊಬ್ಬರದ ಅಂಗಡಿಯ ಬಾಕಿಗೆ ಹೋಗಿರುತ್ತದೆ. ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಮೂಡಿಗೆರೆ ಕಡೆಗೆ ಹೊರಟರೆ ತಿರುಗಿ ಬರುವುದು ಹೋಳಿಗೆ. ನಡುವೆ ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು ಎರಡೂ ಅವರಿಲ್ಲದೆಯೇ ಮುಗಿದಿರುತ್ತವೆ.

ಬೇಸಿಗೆಯಲ್ಲಿ 40 ಡಿಗ್ರಿ ಆಸುಪಾಸು ಕಾಯುವ ನೆಲದವರು ನಾವು. ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗಿ ರೂಢಿ. ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಕಾಫಿ ಸೀಮೆಯಲ್ಲಿ ಡಿಸೆಂಬರ್ ರಾತ್ರಿಯ ಚಳಿ ಬೇರೆಯೇ ತರಹದ್ದು, ಗಾಳಿಯಲ್ಲೇ ನೀರಿರುತ್ತದೆ. ಕಾಯಂ ಆಳುಗಳಿಗೆ ಲೈನ್ ಮನೆಗಳಿವೆ, ಅವಕ್ಕೆ ಕರೆಂಟೂ ಇದೆ. ಹಂಗಾಮಿಗೆ ಬಂದ ಗುಂಪಿಗೆ ಖಾಲಿ ಲೈನ್ ಸಿಕ್ಕರೆ ಪುಣ್ಯ, ಇಲ್ಲವಾದರೆ ಶೆಡ್ಡು, ಅದೂ ಇಲ್ಲವಾದರೆ ತೋಟದಂಚಿನಲ್ಲಿ ತಾಡಪಾಲು. ತಂಗಿಯ ಸಂಸಾರಕ್ಕೆ ಸಿಕ್ಕಿರುವುದು ತಾಡಪಾಲು.

ಆ ತಾಡಪಾಲಿನ ಕೆಳಗೆ ಬದುಕುವುದನ್ನು ಅವರು ಕಲಿತ ಬಗೆ ಕೇಳಿದರೆ, ಓದಿದವರಾದ ನಮಗೂ ಪಾಠವಾಗುತ್ತದೆ. ಐದು ಜನರ ಉಸಿರಿನ ಹಬೆ ರಾತ್ರಿಯಿಡೀ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ, ಬೆಳಗಿನ ಜಾವ ಮಲಗಿದವರ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಈಗ ತಾಡಪಾಲಿನ ಕೆಳಗೆ ಗೇಣುದ್ದ ಜಾಗ ಬಿಟ್ಟು ಹಳೆಯ ಸೀರೆಗಳನ್ನು ಹೊಲಿದು ಕಟ್ಟುತ್ತಾರೆ. ಹನಿ ಸೀರೆಗೆ ಇಂಗಿ ಅಂಚಿಗೆ ಜಾರುತ್ತದೆ. ನೆಲಕ್ಕೆ ನೆಲ್ಲುಹುಲ್ಲು, ಅದರ ಮೇಲೆ ಗೊಬ್ಬರದ ಖಾಲಿ ಚೀಲ, ಮೇಲೆ ಕೌದಿ, ಹೊದೆಯಲು ಕಂಬಳಿ. ಮಕ್ಕಳಿಗೆ ಸ್ನಾನ ಮಧ್ಯಾಹ್ನ ಬಿಸಿಲಿಗೆ, ಅದೂ ಭಾನುವಾರ. ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ಒಲೆಯ ಪಕ್ಕದಲ್ಲಿ ಇಟ್ಟರೆ ಮಾತ್ರ ತಲೆಗೆ ಎಣ್ಣೆ. ಒದ್ದೆ ಕಟ್ಟಿಗೆ ಹೊಗೆಯಾಡುವುದರಿಂದ ನಾಳೆಯ ಕಟ್ಟಿಗೆಯನ್ನು ಇಂದಿನ ಒಲೆಯ ಸುತ್ತ ಒಣಗಲು ಜೋಡಿಸುತ್ತಾರೆ.

ಮಲಗುವಾಗ ಕೆಂಡದ ಬೋಗುಣಿಯನ್ನು ಒಳಗಿಟ್ಟುಕೊಳ್ಳುವವರೂ ಇದ್ದಾರೆ. ಇದನ್ನು ಮಾತ್ರ ಕೈಮುಗಿದು ಬೇಡ ಎನ್ನುತ್ತೇನೆ. ಮುಚ್ಚಿದ ತಾಡಪಾಲಿನೊಳಗೆ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಪ್ರತಿವರ್ಷ ಮಕ್ಕಳು ಹೊರಡುವ ಮುನ್ನ ತರಗತಿಯಲ್ಲಿ ಇದನ್ನು ಹೇಳಿ ಕಳಿಸುತ್ತೇನೆ. ಪಠ್ಯದಲ್ಲಿ ಇರಲಿ, ಬಿಡಲಿ.

ಚಳಿಗೆ ಹೀಗೆ ಒಂದೊಂದೇ ಉಪಾಯ ಹುಡುಕಿಕೊಂಡಿದ್ದಾರೆ. ಕತ್ತಲೆಗೆ ಯಾವ ಉಪಾಯವೂ ಸಿಕ್ಕಿಲ್ಲ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುತ್ತಿದ್ದ ಕಾಲದಲ್ಲಿ ನನ್ನ ಯಾಡಿ (ಅವ್ವ) ಬುಡ್ಡಿ ಹಚ್ಚಿಡುತ್ತಿದ್ದಳು. ಈಗ ಅದೂ ಇಲ್ಲ. ತಂಗಿಯ ಗಂಡ ಹೊಸಪೇಟೆಯಿಂದ ಸಣ್ಣ ಸೋಲಾರ್ ದೀಪ ತಂದು ಒಯ್ದ. ನಮ್ಮೂರಲ್ಲಿ ಅದು ರಾತ್ರಿಯಿಡೀ ಉರಿಯುತ್ತಿತ್ತು. ಅಲ್ಲಿ ಕಾಫಿ ಬೆಳೆಯುವುದೇ ಮರಗಳ ನೆರಳಿನಲ್ಲಿ. ಬೆಳಿಗ್ಗೆ ಮಂಜು ಕರಗಲು ಹೊತ್ತಾಗುತ್ತದೆ, ಸಂಜೆ ಗುಡ್ಡದ ಹಿಂದೆ ಸೂರ್ಯ ಬೇಗ ಇಳಿಯುತ್ತಾನೆ. ಪ್ಯಾನೆಲ್ಲನ್ನು ಬಿಸಿಲಿರುವ ಕಣಕ್ಕೆ ಒಯ್ದಿಟ್ಟರೆ ಕಾಯಲು ಒಬ್ಬರು ಬೇಕು; ಕಾಯುತ್ತ ಕೂತವರಿಗೆ ಕೂಲಿಯಿಲ್ಲ. ನೆರಳಲ್ಲಿ ಚಾರ್ಜ್ ಆದ ದೀಪ ಊಟ ಮುಗಿಯುವ ಮೊದಲೇ ಮಂಕಾಗುತ್ತದೆ.

ಕತ್ತಲೆಗೆ ದುಡ್ಡಿನ ಲೆಕ್ಕವೂ ಇದೆ. ಹಣ್ಣು ಬಿಡಿಸುವುದಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ಬೆಳಕಿದ್ದಷ್ಟು ಹೊತ್ತು ಕೈ ಆಡಿದರೆ ದುಡ್ಡು. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಎದುರು ಚೀಲ ತೂಗಿಸಿ ಬಿಡಾರಕ್ಕೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಮೇಲೆ ಅಡುಗೆ. ದೀಪವಿಲ್ಲದ್ದರಿಂದ ಮನೆಯ ಒಬ್ಬ ಹೆಂಗಸು ಮೊದಲೇ ಗಿಡ ಬಿಟ್ಟು ಬಂದು ರೊಟ್ಟಿ ಬಡಿಯಬೇಕು. ಐದು ಜನರ ಸಂಸಾರದಲ್ಲಿ ಒಬ್ಬರ ಸಂಜೆಯ ಹಣ್ಣು ದಿನಾ ಹೀಗೆ ಹೋಗುತ್ತದೆ. ಎರಡು ಬಲ್ಬಿನ ಬೆಲೆ ಎಷ್ಟೆಂದು ಕೇಳುವವರು ಈ ಬೆಲೆಯನ್ನೂ ಕೂಡಿಸಬೇಕು.

ಇನ್ನು ಆನೆ. ಮೂಡಿಗೆರೆ, ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಆನೆ ತುಳಿದು ಕೂಲಿಯವರು ಸತ್ತ ಸುದ್ದಿ ಬಾರದ ವರ್ಷವಿಲ್ಲ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಹಾಸನ ಜಿಲ್ಲೆಯಲ್ಲಿ ಬಂದಿದೆ, ಒಳ್ಳೆಯ ಕೆಲಸ. ಆದರೆ ನನ್ನ ತಂಗಿಯ ಫೋನು ಸಂಜೆ ಏಳಕ್ಕೆ ಸ್ವಿಚ್ಡ್ ಆಫ್. ವಾರದ ಸಂತೆಯ ದಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಚಾರ್ಜ್ ಮಾಡಿಸಿದರೆ ಒಂದೆರಡು ದಿನ ಬರುತ್ತದೆ. ಹೆಂಗಸರು ಹೊರಗೆ ಹೋಗಬೇಕಾದದ್ದು ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ. ಆನೆಯೂ ಓಡಾಡುವುದು ಅದೇ ಹೊತ್ತಿಗೆ.

ಈಗ ತಾಂಡಾದ ಬೀಗ ಹಾಕಿದ ಮನೆಗೆ ಬನ್ನಿ. ಅದಕ್ಕೆ ಜೆಸ್ಕಾಂ ಮೀಟರ್ ಇದೆ, ಆರ್‌ಆರ್ ನಂಬರ್ ಇದೆ, ಗೃಹಜ್ಯೋತಿಯೂ ಇದೆ. 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರುತ್ತಿದೆ. ತಿಂಗಳಿಗೆ ಗರಿಷ್ಠ 200 ಯೂನಿಟ್ ಉಚಿತ. ಆದರೆ ಪ್ರತಿ ಮನೆಯ ಮಿತಿಯನ್ನು ಮೊದಲು ನಿಗದಿ ಮಾಡಿದ್ದು 2022–23ರ ಸರಾಸರಿ ಬಳಕೆಗೆ ಶೇ 10 ಕೂಡಿಸಿ. ಅಂದರೆ ನಾಲ್ಕು ತಿಂಗಳು ಗುಳೆ ಹೋದ ಮನೆಯ ಸರಾಸರಿ ತಾನಾಗಿಯೇ ಇಳಿದಿತ್ತು. ಮನೆಯಲ್ಲಿ ಇಲ್ಲದಿದ್ದಾಗ ಬೆಳಕು ದಕ್ಕಲಿಲ್ಲ, ಇದ್ದಾಗ ಸಿಗುವುದರಲ್ಲೂ ಕಡಿತ.

ಬಿಡಾರಕ್ಕೆ ಬೇಕಾದದ್ದಾದರೂ ಎಷ್ಟು? ಏಳನೇ ತರಗತಿಯ ಮಕ್ಕಳಿಗೆ ಕೊಟ್ಟರೂ ಬಿಡಿಸುವ ಲೆಕ್ಕ. 5 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬು, ದಿನಕ್ಕೆ 5 ಗಂಟೆ: 50 ವ್ಯಾಟ್–ಅವರ್. ಎರಡು ಫೋನು ಚಾರ್ಜ್ ಮಾಡಲು ಸುಮಾರು 20. ಒಟ್ಟು 70. ಮೂವತ್ತು ದಿನಕ್ಕೆ 2,100, ಅಂದರೆ ಎರಡು ಯೂನಿಟ್‌ಗಿಂತ ತುಸು ಹೆಚ್ಚು. ಇಡೀ ಹಂಗಾಮಿಗೆ ಹತ್ತು ಯೂನಿಟ್ ದಾಟುವುದಿಲ್ಲ. 200 ಯೂನಿಟ್‌ವರೆಗಿನ ಯೋಜನೆಗೆ ಅರ್ಹರೆಂದು ಸರ್ಕಾರವೇ ಒಪ್ಪಿಕೊಂಡ ಕುಟುಂಬಕ್ಕೆ ಎರಡು ಯೂನಿಟ್ ತಲುಪುತ್ತಿಲ್ಲ.

ಉಳಿದ ಯೋಜನೆಗಳು ಹೀಗಿಲ್ಲ. ಶಕ್ತಿ ಯೋಜನೆ ಹೆಂಗಸಿನ ಜತೆಗೇ ಹೋಗುತ್ತದೆ. ಹರಪನಹಳ್ಳಿಯಲ್ಲಿ ಬಸ್ ಹತ್ತಿದರೂ ಚಿಕ್ಕಮಗಳೂರಿನಲ್ಲಿ ಹತ್ತಿದರೂ ಟಿಕೆಟ್ ಶೂನ್ಯ. ಪಡಿತರವನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದು. ಗೃಹಜ್ಯೋತಿಯಲ್ಲೂ, ಬಾಡಿಗೆ ಮನೆ ಬದಲಿಸುವವರು ಹಳೆಯ ಆರ್‌ಆರ್ ನಂಬರ್ ಬಿಡಿಸಿಕೊಂಡು ಹೊಸ ಮನೆಯದಕ್ಕೆ ಜೋಡಿಸಿಕೊಳ್ಳಬಹುದು. ಬೆಂಗಳೂರಿನ ಬಾಡಿಗೆದಾರನ ಬೆಳಕು ಅವನ ಹಿಂದೆ ಹೋಗುತ್ತದೆ ಎಂದಾಯಿತು. ತಾಡಪಾಲಿಗೆ ಆರ್‌ಆರ್ ನಂಬರ್ ಇಲ್ಲ. ಹಾಗಾಗಿ ತಂಗಿಯ ಬೆಳಕು ಜೆಸ್ಕಾಂ ಗೋಡೆಯಲ್ಲೇ ಉಳಿಯಿತು, ಅವಳು ಮೆಸ್ಕಾಂ ಸೀಮೆಯ ಕತ್ತಲೆಯಲ್ಲಿ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದಲ್ಲಿ ವಾಸಿಸುವ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆದರೆ ಅದು ನೋಡಿದ್ದು 5 ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ, ಕನಿಷ್ಠ 15 ಕೆಲಸಗಾರರಿರುವ ತೋಟಗಳನ್ನು. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. 1979ರಲ್ಲಿ ವಲಸೆ ಕಾರ್ಮಿಕರಿಗೆಂದೇ ಕಾಯ್ದೆ ಬಂತು. ಅದರ ಹೆಸರಲ್ಲೇ ಅಂತರರಾಜ್ಯ ಎಂದಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯೂ ಅದೇ ಗೆರೆಯನ್ನು ಉಳಿಸಿಕೊಂಡಿದೆ. ಅಸ್ಸಾಂನಿಂದ ಬಂದವರು ವಲಸೆ ಕಾರ್ಮಿಕರು, ಕೂಡ್ಲಿಗಿಯಿಂದ ಬಂದವರು ಬರೀ ಕೂಲಿಯವರು. ಅಸ್ಸಾಂನವರಿಗೆ ಸಿಗುವುದು ಬೇಡ ಎನ್ನುವ ಮಾತಲ್ಲ ಇದು. ರಾಜ್ಯದ ಗಡಿ ದಾಟದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ರಾಜ್ಯ ಸರ್ಕಾರಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ ಎಂದಷ್ಟೇ ನನ್ನ ಮಾತು.

ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕಾಯಿ ಹಣ್ಣಾದ ಹೊತ್ತಿಗೆ ಆಳು ಸಿಗದಿದ್ದರೆ ವರ್ಷದ ಬೆಳೆ ನೆಲಕ್ಕೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ನಮ್ಮ ರಾಜ್ಯದಲ್ಲಿ. ಅದನ್ನು ಬಿಡಿಸುವ ಕೈಗಳಲ್ಲಿ ನಮ್ಮ ಕೈಗಳೂ ಇವೆ. ಕೆಲವರು ಪಂಪ್‌ಸೆಟ್ ಮನೆಯಿಂದ ವೈರ್ ಎಳೆದು ಬಲ್ಬು ಕೊಟ್ಟದ್ದೂ ಉಂಟು. ಅದು ಅವರ ದೊಡ್ಡಗುಣ. ಆದರೆ ಮರದಿಂದ ಮರಕ್ಕೆ ಕಟ್ಟಿದ, ಸಿಪ್ಪೆ ಸುಲಿದ ವೈರು ಇಬ್ಬನಿಯಲ್ಲಿ ನೆನೆದು ಮಕ್ಕಳ ಕೈಗೆಟಕುವ ಎತ್ತರದಲ್ಲಿ ತೂಗಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಕು ದೊಡ್ಡಗುಣದ ಮೇಲೆ ನಿಂತರೆ ಹೀಗೇ ಆಗುವುದು.

ಗುಳೆಯನ್ನೇ ನಿಲ್ಲಿಸಿ, ಆಗ ಬಿಡಾರದ ಪ್ರಶ್ನೆಯೇ ಇರುವುದಿಲ್ಲ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ನಿಲ್ಲಿಸುವುದಾದರೆ ಸಂತೋಷವೇ. ಕೆರೆಗಳಿಗೆ ತುಂಗಭದ್ರೆಯ ನೀರು ಬರಲಿ, ಊರಲ್ಲೇ ಕೆಲಸ ಸಿಗಲಿ, ಕೂಲಿ ವಾರಕ್ಕೆ ಸರಿಯಾಗಿ ಬ್ಯಾಂಕಿಗೆ ಬೀಳಲಿ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತವೆಂದು ಸರ್ಕಾರವೇ ಘೋಷಿಸಿತ್ತು. ಅಂಥ ವರ್ಷಗಳು ಮತ್ತೆ ಬರುತ್ತವೆ, ಜನ ಮತ್ತೆ ಹೊರಡುತ್ತಾರೆ. ದೊಡ್ಡ ಪರಿಹಾರ ಬರುವವರೆಗೆ ಸಣ್ಣ ದೀಪ ಬೇಡ ಎನ್ನುವುದು ನ್ಯಾಯವಲ್ಲ. ಮಕ್ಕಳಿಗಾಗಿ ಹಂಗಾಮಿ ವಸತಿ ಶಾಲೆ ಇದೆಯಲ್ಲ ಎನ್ನುವವರೂ ಇದ್ದಾರೆ. ಇರುವ ಕಡೆ ಚೆನ್ನಾಗಿದೆ. ನಾನೇ ತಂದೆತಾಯಿಗಳ ಮನವೊಲಿಸಿ ಎಷ್ಟೋ ಮಕ್ಕಳನ್ನು ಉಳಿಸಿಕೊಂಡಿದ್ದೇನೆ. ಆದರೆ ಮೊಲೆ ಬಿಡದ ಕೂಸನ್ನು, ಅದನ್ನು ನೋಡಿಕೊಳ್ಳುವ ಎಂಟು ವರ್ಷದ ಅಕ್ಕನನ್ನು ಯಾವ ತಾಯಿಯೂ ಬಿಟ್ಟು ಹೋಗುವುದಿಲ್ಲ.

ಹಾಗಾದರೆ ಆಗಬೇಕಾದದ್ದು ಇಷ್ಟು. ಗುಳೆ ಹೊರಡುವ ಪ್ರತಿ ಕುಟುಂಬದ ಹೆಸರು, ಹೋಗುವ ತಾಲ್ಲೂಕು, ಮೇಸ್ತ್ರಿಯ ಫೋನು ಗ್ರಾಮ ಪಂಚಾಯಿತಿಯ ಒಂದು ಪುಸ್ತಕದಲ್ಲಿ ದಾಖಲಾಗಲಿ. ಹಾಗೆ ದಾಖಲಾದ ಕುಟುಂಬಕ್ಕೆ ಎರಡು ಚಾರ್ಜಬಲ್ ದೀಪ, ಫೋನು ಚಾರ್ಜ್ ಮಾಡುವ ಒಂದು ಬ್ಯಾಟರಿ ಪೆಟ್ಟಿಗೆ ಪಂಚಾಯಿತಿಯಿಂದ ಎರವಲು ಸಿಗಲಿ. ಊರಿಗೆ ಬಂದಾಗ ಹಿಂತಿರುಗಿಸಲಿ. ಸೋಲಾರ್ ಪ್ಯಾನೆಲ್ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ, ನೆರಳಿನ ಕಥೆ ಹೇಳಿದ್ದಾಯಿತು. ಪೆಟ್ಟಿಗೆ ಚಾರ್ಜ್ ಮಾಡಲು ತೋಟದ ಕಣದ ಬಳಿ ಒಂದು ಪ್ಲಗ್ ಪಾಯಿಂಟ್ ಸಾಕು.

ಹತ್ತಾರು ಬಿಡಾರಗಳು ಒಂದೆಡೆ ಇರುವಲ್ಲಿ ಮೆಸ್ಕಾಂ ತಾತ್ಕಾಲಿಕ ಸಂಪರ್ಕ ಕೊಡಲಿ. ಜಾತ್ರೆಗೆ, ಕಟ್ಟಡದ ಕೆಲಸಕ್ಕೆ ಕೊಡುವ ಸಂಪರ್ಕವನ್ನು ದುಡಿಯುವವರಿಗೆ ಕೊಡಲಾಗದು ಎನ್ನಲು ಕಾರಣವಿಲ್ಲ. ಆ ಮೀಟರ್‌ನಲ್ಲಿ ಓಡಿದ ಯೂನಿಟ್‌ಗಳನ್ನು ಆಯಾ ಕುಟುಂಬಗಳ ಊರಿನ ಗೃಹಜ್ಯೋತಿ ಲೆಕ್ಕಕ್ಕೆ ಹಾಕಿದರೆ ಬೆಳೆಗಾರನಿಗೆ ಹೊರೆಯಿಲ್ಲ. ಹೋದವರ ಮನೆಯಲ್ಲಿ ಬಳಕೆಯಾಗದೆ ಉಳಿದದ್ದಕ್ಕಿಂತ ಕಡಿಮೆ ವಿದ್ಯುತ್ತಿಗೆ ಇಲ್ಲಿ ದುಡ್ಡು ಕೊಡುವುದರಿಂದ ಸರ್ಕಾರಕ್ಕೂ ಹೊಸ ಭಾರವಿಲ್ಲ. ಗುಳೆಯ ತಿಂಗಳುಗಳನ್ನು ಬಿಟ್ಟು ಸರಾಸರಿ ತೆಗೆಯುವ ಒಂದು ಸಾಲಿನ ಆದೇಶವೂ ಜತೆಗೆ ಬರಲಿ.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಆಡಳಿತ ಜನರ ಹತ್ತಿರ ಬಂತು ಎಂದರು. ಈ ಐದು ತಾಲ್ಲೂಕಿನ ಶಾಸಕರು, ಜಿಲ್ಲಾಧಿಕಾರಿ, ವಿದ್ಯುತ್ ಕಂಪನಿಗಳ ಎಂಜಿನಿಯರುಗಳು ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಮುಗಿಯುವ ಕೆಲಸವಿದು. ಅದನ್ನು ದಸರೆಗೆ ಮೊದಲೇ ಮಾಡಬೇಕು, ಏಕೆಂದರೆ ಮೇಸ್ತ್ರಿ ಮುಂಗಡ ಹಿಡಿದು ತಾಂಡಾಕ್ಕೆ ಬರುವುದು ದಸರೆಗೆ. ಅವನಿಗಿಂತ ಒಂದು ದಿನ ಮುಂಚೆ ಸರ್ಕಾರ ಬರಲಿ.