ಗಿಟಾರ್ ಮಾಸ್ತರರು ಬೇಕಾಗಿದ್ದಾರೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಬೆರಳಿನಿಂದ ತಾಳ ಹಾಕುತ್ತಿದ್ದ ಹುಡುಗ. ಈಗ ಅಥಣಿಯಲ್ಲಿ ನೌಕರಿ, ಮನೆ, ಸಂಸಾರ. ಕುಶಲ ವಿಚಾರಿಸಿದ ಮೇಲೆ ವಿಷಯಕ್ಕೆ ಬಂದ.

“ಗುರುಗಳ, ನಮ್ಮ ಹುಡುಗ ಗಿಟಾರ ಕಲೀತೀನಿ ಅಂತ ಹಟ ಹಿಡದಾನ್ರೀ. ಕಲಸಾವ್ರು ಯಾರರ ಗೊತ್ತದಾರೇನ್ರೀ ನಿಮಗ?”

ಕೇಳಿ ಸಂತೋಷವಾಯಿತು. ಆದರೆ ಬೆನ್ನಿಗೇ ಷರತ್ತುಗಳು ಬಂದವು. ಮಾಸ್ತರರು ಮನೆಗೇ ಬರಬೇಕು. ವಾರಕ್ಕೆ ಒಂದು ತಾಸು ಸಾಕು, ಟ್ಯೂಷನ್ ತಪ್ಪಬಾರದು. ಮೂರು ತಿಂಗಳಲ್ಲಿ ಹುಡುಗ ಶಾಲೆಯ ಗ್ಯಾದರಿಂಗ್‌ನಲ್ಲಿ ಒಂದು ಹಾಡು ನುಡಿಸಬೇಕು. ಸರ್ಟಿಫಿಕೇಟು ಸಿಗಬೇಕು. ತಿಂಗಳಿಗೆ ಐದುನೂರು ರೂಪಾಯಿಗಿಂತ ಹೆಚ್ಚು ಕೊಡಲಾಗದು. “ಗಣಿತದ ಟ್ಯೂಷನ್ನಿಗೆ ಎಷ್ಟು ಕೊಡ್ತಿ?” ಎಂದು ಕೇಳಿದೆ. ಅವನು ಹೇಳಿದ ಮೊತ್ತ ಇದರ ಆರು ಪಟ್ಟು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಅವನ ಜಾಗದಲ್ಲಿ ನಿಮ್ಮಲ್ಲಿ ಬಹುಮಂದಿ ಇದ್ದೀರಿ. ನಮ್ಮ ಕಡೆ ಸಂಗೀತ ಕಲಿಸುವವರು ಸಿಗುವುದಿಲ್ಲ ಎಂಬುದು ಅರ್ಧಸತ್ಯ. ಸಂಗೀತ ಕಲಿಸಿ ಬದುಕುವವನು ನಮ್ಮೂರಲ್ಲಿ ನಿಲ್ಲುವಂಥ ಸ್ಥಿತಿಯನ್ನು ನಾವು ಉಳಿಸಿಕೊಂಡಿಲ್ಲ ಎಂಬುದು ಉಳಿದರ್ಧ.

ನಾವು ಎಂಥ ನೆಲದಲ್ಲಿದ್ದೇವೆ ಎಂಬುದನ್ನು ನೆನೆಯಿರಿ. ಅಥಣಿಯಲ್ಲಿ ಬಸ್ಸು ಹತ್ತಿದರೆ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಮಿರಜ, ಸಿತಾರು–ತಂಬೂರಿಗಳನ್ನು ದೇಶಕ್ಕೆಲ್ಲ ಮಾಡಿಕೊಟ್ಟ ಊರು. 2024ರಲ್ಲಿ ಅವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಉಸ್ತಾದ್ ಅಬ್ದುಲ್ ಕರೀಂಖಾನರು ನೆಲೆಸಿದ್ದು ಅಲ್ಲಿಯೇ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಯನ್ನೇ ಬಿಟ್ಟು ಹೋದರು. ನಮ್ಮ ಮಕ್ಕಳು ಮನೆ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಗುರುವಿನ ಬಳಿಗೆ ಶಿಷ್ಯ ನಡೆದು ಹೋಗುತ್ತಿದ್ದ ನಾಡಿನಲ್ಲಿ, ಗುರುವನ್ನು ಗ್ಯಾಸ್ ಸಿಲಿಂಡರಿನಂತೆ ಮನೆ ಬಾಗಿಲಿಗೆ ತರಿಸಿಕೊಳ್ಳಬಯಸುವುದು ಸರಿಯೇ?

ಇನ್ನೊಂದು ಕಡೆಯಿಂದ ನಮ್ಮ ಹಿರಿಯರ ತಕರಾರು. “ಗಿಟಾರು ಪರದೇಶದ್ದು, ನಮ್ಮ ಸಂಸ್ಕೃತಿಯದಲ್ಲ” ಎನ್ನುತ್ತಾರೆ. ಹಾಗೆನ್ನುವವರೇ ಶ್ರಾವಣದಲ್ಲಿ ಹಾರ್ಮೋನಿಯಂ ಮುಂದಿಟ್ಟುಕೊಂಡು ಭಜನೆಗೆ ಕೂರುತ್ತಾರೆ! ಹಾರ್ಮೋನಿಯಂ ಬಂದದ್ದು ಯುರೋಪಿನಿಂದ. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಅದೇ ಹಾರ್ಮೋನಿಯಂ ಇಲ್ಲದೆ ನಮ್ಮ ಶ್ರೀಕೃಷ್ಣ ಪಾರಿಜಾತದ ಆಟವನ್ನು ಇಂದು ಊಹಿಸಲಾದೀತೇ? ಪಿಟೀಲೂ ಹಾಗೆಯೇ ಬಂದು ನಮ್ಮದಾಯಿತು. ಗಿಟಾರಿನ ಮೇಲೆ ರಾಗ ನುಡಿಸಿದ ಬ್ರಿಜ್‌ಭೂಷಣ ಕಾಬ್ರಾ ಇದ್ದರು. ಅದನ್ನೇ ಮಾರ್ಪಡಿಸಿ ಮೋಹನವೀಣೆ ಮಾಡಿಕೊಂಡ ವಿಶ್ವಮೋಹನ ಭಟ್ಟರು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ವಾದ್ಯಕ್ಕೆ ಜಾತಿಯಿಲ್ಲ. ಹುಡುಗನಿಗೆ ಯಾವುದರ ನಾದ ಹಿಡಿಸಿದೆಯೋ ಅಲ್ಲಿಂದ ಆರಂಭವಾಗಲಿ.

ಈಗ ನನ್ನ ತಪ್ಪೊಪ್ಪಿಗೆ. ನಾನು ಗಣಿತದ ಶಿಕ್ಷಕ. ನಾನು ದುಡಿದ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಇರಲಿಲ್ಲ. ವೇಳಾಪತ್ರಿಕೆಯಲ್ಲಿ ಮಾತ್ರ ಆ ಹೆಸರಿನ ಒಂದು ಪಿರಿಯಡ್ ಇತ್ತು. ಪಾಠ ಮುಗಿಯಲಿಲ್ಲವೆಂಬ ನೆಪದಲ್ಲಿ ಅದನ್ನು ವರ್ಷವರ್ಷವೂ ಕಿತ್ತುಕೊಂಡವನು ನಾನೇ. ಡೆಸ್ಕಿನ ಮೇಲೆ ತಾಳ ಹಾಕಿದವನನ್ನು ಹೊರಗೆ ನಿಲ್ಲಿಸಿದವನೂ ನಾನೇ. ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ ಮೇಲಿನ ಷಡ್ಜ ಕೇಳುತ್ತದೆ, ಮೂರರಲ್ಲಿ ಎರಡು ಭಾಗ ಉಳಿಸಿದರೆ ಪಂಚಮ. ಗಿಟಾರಿನ ಹನ್ನೆರಡನೆಯ ಪಟ್ಟಿ ಇರುವುದು ತಂತಿಯ ಸರಿ ನಡುವೆ. ಅನುಪಾತವನ್ನು ಕಿವಿಯಿಂದಲೇ ಕಲಿಸಬಹುದಾಗಿದ್ದ ಪಿರಿಯಡ್ಡನ್ನು ಕಸಿದು ನಾನು ಕಪ್ಪು ಹಲಗೆಯ ಮೇಲೆ ಅನುಪಾತ ಬರೆದೆ. ಆ ಶಿಷ್ಯರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇನೆ.

ಹಾಗೆಂದು ತಪ್ಪು ನನ್ನೊಬ್ಬನದೇ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಕಲಿಕೆಯ ಭಾಗವಾಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು, 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆನ್ನುತ್ತದೆ. ನಿಮ್ಮೂರ ಶಾಲೆಯಲ್ಲಿ ಇದ್ದಾರೆಯೇ? ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಂದಾದರೂ ಕೇಳಿದ್ದೀರಾ? ಹಣವುಳ್ಳವನು ಖಾಸಗಿ ಮಾಸ್ತರರನ್ನು ಹೇಗಾದರೂ ಹುಡುಕಿಕೊಳ್ಳುತ್ತಾನೆ. ಕಬ್ಬು ಕಡಿಯುವವರ ಮಗಳಿಗೆ ಶಾಲೆಯಲ್ಲಿ ಸಿಗದ ಸಂಗೀತ ಬೇರೆಲ್ಲೂ ಸಿಗದು.

ಖಾಸಗಿಯಾಗಿಯೇ ಹುಡುಕುವುದಾದರೆ ಕೆಲವು ಮಾತು. ಸರ್ಟಿಫಿಕೇಟು ಕೇಳುವ ಮುನ್ನ ಒಂದು ಪಾಠಕ್ಕೆ ಹೋಗಿ ಕುಳಿತು ನೋಡಿರಿ. ಒಳ್ಳೆಯ ಶಿಕ್ಷಕ ಹಾಡಿಗೆ ಅವಸರಪಡುವುದಿಲ್ಲ. ಮೊದಲು ಆರು ತಂತಿಗಳನ್ನು ಶ್ರುತಿಗೂಡಿಸಲು ಕಲಿಸುತ್ತಾನೆ. ಮಗು ತಪ್ಪಿದಾಗ ತಾನೇ ನುಡಿಸಿ ಮೆರೆಯದೆ, ಎಲ್ಲಿ ತಪ್ಪಿತೆಂದು ಮಗುವಿನ ಕಿವಿಗೆ ತೋರಿಸುತ್ತಾನೆ. ಸಣ್ಣ ಕೈಗೆ ಸಣ್ಣ ಗಿಟಾರು, ಎಳೆಯ ಬೆರಳಿಗೆ ನೈಲಾನ್ ತಂತಿ ಹಿತ. ಬೆರಳ ತುದಿ ಗಟ್ಟಿಯಾಗಲು ಕೆಲವು ವಾರಗಳು ಬೇಕು. ಆ ನೋವಿನಲ್ಲಿ ಬಿಟ್ಟುಬಿಡುವವರೇ ಹೆಚ್ಚು. ವಾರಕ್ಕೊಮ್ಮೆ ಎರಡು ತಾಸು ತಿಣುಕುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ಮೊಬೈಲಿನ ಪಾಠ ಅಭ್ಯಾಸಕ್ಕೆ ನೆರವಾದೀತು, ಆದರೆ ಬಾಗಿದ ಮಣಿಕಟ್ಟನ್ನು ಹಿಡಿದು ತಿದ್ದಲಾರದು. ಪಾಠ ಎಲ್ಲೇ ನಡೆಯಲಿ, ಬಾಗಿಲು ತೆರೆದಿರಲಿ, ಮನೆಯವರೊಬ್ಬರು ಹತ್ತಿರವಿರಲಿ.

ದೊಡ್ಡವರು ಕಲಿಯಬಯಸಿದರೆ ನಗುವುದನ್ನೂ ನಿಲ್ಲಿಸಬೇಕು. ‘ಮುದಿಗಾಲಕ್ಕೆ ಇವನಿಗೇನು ಬಂತು’ ಎಂಬ ಒಂದು ಮಾತಿಗೆ ಎಷ್ಟು ಜನ ತಂತಿ ಮುಟ್ಟದೆ ಹೋದರೋ! ವೇದಿಕೆ ಏರಲೆಂದೇ ಯಾರೂ ಕಲಿಯಬೇಕಿಲ್ಲ.

ಕೊನೆಗೆ ಶಿಷ್ಯನಿಗೆ ನಾನು ಹೇಳಿದ್ದಿಷ್ಟು: “ಒಬ್ಬನ ಮನೀಗೆ ಐದುನೂರು ರೂಪಾಯಿಗೆ ಯಾರೂ ಬರೂದಿಲ್ಲಪಾ, ಬರಬಾರದು ಸೈತ. ಹತ್ತು ಮನಿಯವರು ಕೂಡ್ರಿ.” ಹತ್ತು ಮನೆಯವರು ಸೇರಿದರೆ ಮಿರಜದಿಂದಲೋ ಬೆಳಗಾವಿಯಿಂದಲೋ ರವಿವಾರಕ್ಕೊಬ್ಬ ಶಿಕ್ಷಕರನ್ನು ಮರ್ಯಾದೆಯಿಂದ ಕರೆಸಬಹುದು. ಬಸ್ಸಿನ ಖರ್ಚು, ಊಟ, ಸಂಬಳ ತಿಂಗಳ ಮೊದಲ ದಿನವೇ ಕೊಡಬೇಕು. ರಜೆ ಬಂತೆಂದು ಕಡಿತ ಮಾಡಬಾರದು. ಹತ್ತು ಮಕ್ಕಳ ಜೊತೆಗೆ ಕೊಡಲಾಗದ ಮನೆಯ ಇಬ್ಬರನ್ನು ಕೂರಿಸಿಕೊಳ್ಳಬೇಕು.

ತೆಲಸಂಗದಲ್ಲಿ ಅಂಥದೊಂದು ವರ್ಗ ಆರಂಭವಾಗುವುದಾದರೆ ನನ್ನ ಮನೆಯ ಪಡಸಾಲೆ ಖಾಲಿಯಿದೆ. ಬಾಡಿಗೆ ಬೇಡ. ಹಿಂದಿನ ಸಾಲಿನಲ್ಲಿ ನನಗೊಂದು ಜಾಗ ಕೊಡಿರಿ, ಅಷ್ಟು ಸಾಕು. ತಾಳ ತಪ್ಪಿದರೆ ಹೊರಗೆ ನಿಲ್ಲಿಸಿದರೂ ಬೇಸರವಿಲ್ಲ.