ಬಾಗಿನದ ಜೊತೆಗೊಂದು ಫೋನ್ ನಂಬರ್

ಡಿಸೆಂಬರ್ ಬಂತೆಂದರೆ ಅಮೆರಿಕದ ಪೂರ್ವ ತೀರದ ನಮ್ಮ ಮಹಿಳಾ ಬಳಗಗಳಿಗೆ ಬಿಡುವಿರುವುದಿಲ್ಲ. ನವರಾತ್ರಿಯ ಗೊಂಬೆ, ದೀಪಾವಳಿ, ರಾಜ್ಯೋತ್ಸವ ಎಲ್ಲ ಮುಗಿದು, ಕ್ರಿಸ್‌ಮಸ್ ರಜೆಗೆ ಮಕ್ಕಳ ಶಾಲೆ ಬಾಗಿಲು ಹಾಕುವ ಹೊತ್ತಿಗೆ ವರ್ಷದ ಕೊನೆಯ ಕೂಟ ಸೇರುತ್ತದೆ. ವಾಷಿಂಗ್ಟನ್ ಸುತ್ತಲಿನ ಮೇರಿಲ್ಯಾಂಡ್, ವರ್ಜೀನಿಯಾ ಇರಲಿ, ಅಟ್ಲಾಂಟಾ ಇರಲಿ, ಕೆರೊಲಿನಾದ ರಾಲೀ, ಷಾರ್ಲಟ್ ಇರಲಿ, ಪದ್ಧತಿ ಹೆಚ್ಚುಕಡಿಮೆ ಒಂದೇ. ಒಬ್ಬರು ಬಿಸಿಬೇಳೆಬಾತ್, ಇನ್ನೊಬ್ಬರು ಕೋಸಂಬರಿ, ಮತ್ತೊಬ್ಬರು ಮೊಸರನ್ನ ಮಾಡಿ ತರುತ್ತಾರೆ. ಹಾಡು, ಅರಿಶಿನ ಕುಂಕುಮ, ಮಕ್ಕಳಿಗೊಂದು ಆಟ, ಕೊನೆಗೆ ಎಲ್ಲರೂ ನಿಂತು ಒಂದು ಫೋಟೊ. ಆ ಫೋಟೊ ಮರುದಿನ ಬೆಳಗ್ಗೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಾಯಿಯ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಮಗಳು ರೇಷ್ಮೆ ಸೀರೆಯಲ್ಲಿ ನಗುತ್ತಿದ್ದಾಳೆ. ಸದ್ಯ, ಚೆನ್ನಾಗಿದ್ದಾಳೆ ಎಂದು ಮನೆಯವರಿಗೆ ಸಮಾಧಾನ.

ಬಹಳಷ್ಟು ಮನೆಗಳ ಮಟ್ಟಿಗೆ ಆ ಸಮಾಧಾನ ನಿಜವಾದದ್ದೇ. ಆದರೆ ಎಲ್ಲ ಮನೆಗಳ ಮಟ್ಟಿಗೆ ಅಲ್ಲ. 2002ರಲ್ಲಿ ಪ್ರಕಟವಾದ ಬಾಸ್ಟನ್ ಪ್ರದೇಶದ ಒಂದು ಅಧ್ಯಯನದಲ್ಲಿ 160 ದಕ್ಷಿಣ ಏಷ್ಯಾ ಮೂಲದ ಮಹಿಳೆಯರನ್ನು ಮಾತನಾಡಿಸಿದಾಗ, ಸುಮಾರು ಶೇ 40ರಷ್ಟು ಮಂದಿ ಆಗಿನ ಸಂಗಾತಿಯಿಂದಲೇ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅದು ಒಂದು ಊರಿನ, ಚಿಕ್ಕ ಸಂಖ್ಯೆಯ ಅಧ್ಯಯನ. ಅದನ್ನೇ ಹಿಡಿದು ಎಲ್ಲ ಸಂಸಾರಗಳನ್ನೂ ಅಳೆಯಲು ಹೊರಡುವುದು ಸರಿಯಲ್ಲ. ಆದರೆ ಓದಿದವರ, ಒಳ್ಳೆಯ ಸಂಬಳದವರ ಮನೆಯಲ್ಲಿ ಇಂಥದ್ದು ನಡೆಯುವುದಿಲ್ಲ ಎಂಬ ನಂಬಿಕೆಯನ್ನು ಅಲ್ಲಾಡಿಸಲು ಅಷ್ಟು ಸಾಕು.

ಅಲ್ಲಿನ ಕಷ್ಟಕ್ಕೆ ಊರಿನಲ್ಲಿಲ್ಲದ ಒಂದು ಮಗ್ಗುಲಿದೆ. ಅದು ವೀಸಾ. ಗಂಡ ಎಚ್‌-1ಬಿ ವೀಸಾದಲ್ಲಿ ಕೆಲಸಕ್ಕೆ ಹೋದರೆ ಹೆಂಡತಿ ಎಚ್‌-4 ವೀಸಾದಲ್ಲಿ ಹೋಗುತ್ತಾಳೆ. ಈ ವೀಸಾ ಗಂಡನ ವೀಸಾದ ನೆರಳು. ಅವನ ಕೆಲಸ ಹೋದರೆ ಇವಳ ವಾಸದ ಹಕ್ಕಿಗೂ ಕುತ್ತು. ವಿಚ್ಛೇದನವಾದರೆ ಅಲ್ಲಿಗೆ ಅದು ಮುಗಿಯಿತು. ಇಲ್ಲಿ ಎಂಜಿನಿಯರಿಂಗ್ ಓದಿ ಸಂಬಳ ತರುತ್ತಿದ್ದ ಹುಡುಗಿ ಅಲ್ಲಿ ಕಾಲಿಟ್ಟ ದಿನದಿಂದ ಕೆಲಸ ಮಾಡುವಂತಿಲ್ಲ. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಆಕೆಗೆ ಕೆಲಸದ ಪರವಾನಗಿ ಸಿಗುತ್ತದೆ. ಆ ಹಂತ ಬರಲು ವರ್ಷಗಳೇ ಹಿಡಿಯಬಹುದು. ಕೆಲಸದ ಪರವಾನಗಿ ಇಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಆಮೇಲೆ ಮನೆ ಬಾಡಿಗೆ, ಸಾಲ, ತನ್ನ ಹೆಸರಿನ ಫೋನ್ ಎಲ್ಲಕ್ಕೂ ಒಂದೊಂದು ತೊಡಕು. ಬಸ್ಸು ರೈಲು ಕಡಿಮೆ ಇರುವ ಊರುಗಳಲ್ಲಿ ಕಾರು ಓಡಿಸಲು ಬಾರದ ಹೆಣ್ಣುಮಗಳು ತರಕಾರಿ ತರಲೂ ಗಂಡನಿಗಾಗಿ ಕಾಯಬೇಕು. ಒಳ್ಳೆಯ ಗಂಡನಾದರೆ ಇದು ಬರೀ ಬೇಸರದ ಸಂಗತಿ. ಕೆಟ್ಟವನ ಕೈಗೆ ಸಿಕ್ಕರೆ ಇದೇ ಬೀಗದ ಕೈ.

ಇಂಥ ಮನೆಯ ಹೆಣ್ಣುಮಗಳು ಹೊರಗೆ ಕಾಲಿಡುವ ಜಾಗ ಯಾವುದು? ಪೊಲೀಸ್ ಠಾಣೆಗೆ ಹೋಗಲಾರಳು. ವಕೀಲರ ಹೆಸರೂ ಗೊತ್ತಿರುವುದಿಲ್ಲ. ಆದರೆ ಹಬ್ಬದ ಕೂಟಕ್ಕೆ ಹೋಗಬೇಡ ಎನ್ನುವುದು ಎಂಥ ಗಂಡನಿಗೂ ಅಷ್ಟು ಸುಲಭವಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೇ ಮಹಿಳಾ ಬಳಗದ ಆ ಮೂರು ಗಂಟೆ ಬರೀ ಊಟ ಹಾಡಿನ ಹೊತ್ತಲ್ಲ ಎನ್ನುತ್ತೇವೆ. ಕೆಲವರ ಪಾಲಿಗೆ ತಿಂಗಳಲ್ಲಿ ಇನ್ನೊಬ್ಬ ಹೆಂಗಸಿನ ಜೊತೆ ಕನ್ನಡದಲ್ಲಿ ಮಾತಾಡಲು ಸಿಗುವ ಹೊತ್ತು ಅದೊಂದೇ.

ವಾಷಿಂಗ್ಟನ್ ಪ್ರದೇಶದ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ರಾಲೀ ಸುತ್ತಲಿನ ಸಂಪಿಗೆ, ಈ ಸಂಘಗಳ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 2006ರಲ್ಲಿ ಬಾಲ್ಟಿಮೋರ್‌ನಲ್ಲಿ, 2012ರಲ್ಲಿ ಅಟ್ಲಾಂಟಾದಲ್ಲಿ ಅಕ್ಕ ಸಮ್ಮೇಳನ, 2015ರಲ್ಲಿ ರಾಲೀಯಲ್ಲಿ ನಾವಿಕ ಸಮ್ಮೇಳನ ನಡೆದದ್ದು ಈ ಊರುಗಳ ಕನ್ನಡಿಗರ ಶ್ರಮದಿಂದ. ಸಾವಿರಾರು ಮಂದಿಗೆ ಊಟ ಹಾಕಿ, ವೇದಿಕೆ ಕಟ್ಟಿ, ಕಲಾವಿದರನ್ನು ಕರೆಸಿಕೊಳ್ಳುವ ಶಕ್ತಿ ಇರುವ ಸಮುದಾಯಕ್ಕೆ, ಕಷ್ಟದಲ್ಲಿರುವ ಒಬ್ಬ ಹೆಣ್ಣುಮಗಳ ಬೆನ್ನಿಗೆ ನಿಲ್ಲುವುದು ಅಸಾಧ್ಯದ ಕೆಲಸವಲ್ಲ.

ಅದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಯೂ ಇಲ್ಲ. ಈ ಮೂರೂ ಕಡೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಕೆಲಸ ಮಾಡುವ ಸಂಸ್ಥೆಗಳಿವೆ. ವಾಷಿಂಗ್ಟನ್ ಪ್ರದೇಶದಲ್ಲಿ 1989ರಲ್ಲಿ ಆರಂಭವಾದ ‘ಆಶಾ’, ಅಟ್ಲಾಂಟಾದಲ್ಲಿ 1995ರಲ್ಲಿ ಆರಂಭವಾದ ‘ರಕ್ಷಾ’, ಉತ್ತರ ಕೆರೊಲಿನಾದಲ್ಲಿ ‘ಕಿರಣ್’. ಮೂರು ಹೆಸರಿಗೂ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳೇ ಮುಂದೆ ನಿಂತು ಕಟ್ಟಿದ ಈ ಸಂಸ್ಥೆಗಳು ಗುಟ್ಟು ಕಾಪಾಡಿ ಮಾತು ಕೇಳುತ್ತವೆ, ವಕೀಲರ ಬಳಿಗೆ ದಾರಿ ತೋರಿಸುತ್ತವೆ. ಇಡೀ ಅಮೆರಿಕಕ್ಕೆ ಅನ್ವಯಿಸುವ ಸಹಾಯವಾಣಿ 1-800-799-7233 ದಿನದ 24 ಗಂಟೆಯೂ ತೆರೆದಿರುತ್ತದೆ. ಇಂಗ್ಲಿಷ್ ಬಾರದವರಿಗೆ ದುಭಾಷಿಗಳ ನೆರವೂ ಉಂಟು.

ಬಾಗಿನ ಕೊಡುವ ಪದ್ಧತಿ ನಮ್ಮದು. ಆ ಚೀಲದಲ್ಲಿ ಬಳೆ, ಕುಂಕುಮ, ರವಿಕೆ ಬಟ್ಟೆಯ ಜೊತೆಗೆ ಒಂದು ಚಿಕ್ಕ ಚೀಟಿ ಇರಲಿ, ಅದರಲ್ಲಿ ಈ ನಂಬರ್‌ಗಳಿರಲಿ. ಬಂದವರೆಲ್ಲರಿಗೂ ಕೊಡಿ. ಎಲ್ಲರಿಗೂ ಕೊಟ್ಟಾಗ ಯಾರಿಗೆ ಬೇಕಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬೇಕಿದ್ದವಳು ನಾಚದೆ ಒಯ್ಯುತ್ತಾಳೆ. ಹಬ್ಬದ ಹೆಸರಿನಲ್ಲಿ ಆಶ್ರಯ ಮನೆಗಳಿಗೆ ವಸ್ತು ಸಂಗ್ರಹಿಸುವ ಬಳಗಗಳಿಗೂ ಒಂದು ಮಾತು: ಉಟ್ಟು ಬಿಟ್ಟ ಬಟ್ಟೆಗಿಂತ ಅಂಗಡಿಯ ಗಿಫ್ಟ್ ಕಾರ್ಡು, ಹೊಸ ಒಳ ಉಡುಪು, ಮಕ್ಕಳ ಆಟಿಕೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಾಂಸ ತಿನ್ನದ ಹೆಣ್ಣುಮಗಳು ಅಂಥ ಮನೆಗೆ ಬಂದರೆ ಅವಳಿಗೆ ಅಕ್ಕಿ, ತೊಗರಿಬೇಳೆ, ಒಂದು ಕುಕ್ಕರ್ ಸಿಗುವುದೂ ದೊಡ್ಡ ಧೈರ್ಯ. ಮೊದಲು ಆ ಸಂಸ್ಥೆಯನ್ನೇ ಕೇಳಿ, ಏನು ಬೇಕೋ ಅದನ್ನು ಕೊಡುವುದು ಒಳ್ಳೆಯದು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ‘ಗಂಡ ಹೆಂಡಿರ ಜಗಳಕ್ಕೆ ಸಂಘ ತಲೆ ಹಾಕಬಾರದು’. ಜಗಳಕ್ಕೆ ತಲೆ ಹಾಕಬೇಕೆಂದು ಯಾರೂ ಹೇಳುತ್ತಿಲ್ಲ. ಪಂಚಾಯಿತಿ ಮಾಡುವುದು ಸಂಘದ ಕೆಲಸವಲ್ಲ. ಪಳಗಿದವರು ಮಾಡಬೇಕಾದ ಕೆಲಸವನ್ನು ಸಮಿತಿಯವರು ಮಾಡಹೊರಟರೆ ಹೆಣ್ಣುಮಗಳಿಗೆ ಅಪಾಯ ಹೆಚ್ಚಬಹುದು. ನಂಬರ್ ಕೊಡುವುದು, ಕೇಳಿಸಿಕೊಳ್ಳುವುದು, ಗುಟ್ಟು ಬಿಡದಿರುವುದು, ಇಷ್ಟೇ ಸಂಘದ ಪಾಲು. ಎರಡನೆಯದು, ‘ನಮ್ಮದು ತೆರಿಗೆ ವಿನಾಯಿತಿ ಪಡೆದ ಸಾಂಸ್ಕೃತಿಕ ಸಂಸ್ಥೆ, ಹಕ್ಕು ಕಾನೂನು ಎಂದು ಮಾತಾಡುವಂತಿಲ್ಲ’. ಇದು ಅರ್ಧ ಸತ್ಯ. ಅಲ್ಲಿನ ತೆರಿಗೆ ಕಾನೂನು ಇಂಥ ಸಂಸ್ಥೆಗಳಿಗೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರ ನಿಲ್ಲುವುದನ್ನು ನಿಷೇಧಿಸಿದೆ. ಸದಸ್ಯರಿಗೆ ಕಾನೂನಿನ ತಿಳಿವಳಿಕೆ ಕೊಡುವುದನ್ನು ನಿಷೇಧಿಸಿಲ್ಲ. ಒಂದು ಮಿತಿಯೊಳಗೆ ಶಾಸಕರ ಮುಂದೆ ಅಹವಾಲು ಇಡುವುದಕ್ಕೂ ಅವಕಾಶವಿದೆ.

ಹಬ್ಬಕ್ಕೆ ಸೇರಿದ ಹೆಂಗಸರು ಹಕ್ಕಿನ ಮಾತಿಗೂ ಕೂತದ್ದು ಎರಡೂ ನಾಡಿನ ಚರಿತ್ರೆಯಲ್ಲಿದೆ. ಅಮೆರಿಕದ ಮಹಿಳಾ ಕ್ಲಬ್‌ಗಳು 1890ರಲ್ಲಿ ಒಂದು ಒಕ್ಕೂಟವಾದವು. ಟೀ ಕುಡಿಯಲು, ಪುಸ್ತಕ ಓದಲು ಸೇರುತ್ತಿದ್ದ ಅದೇ ಹೆಂಗಸರು ಊರೂರಿನಲ್ಲಿ ಗ್ರಂಥಾಲಯ ತೆರೆದರು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ದನಿ ಎತ್ತಿದರು. 1896ರಲ್ಲಿ ವಾಷಿಂಗ್ಟನ್‌ನಲ್ಲಿ ಕಪ್ಪು ಮಹಿಳೆಯರ ಕ್ಲಬ್‌ಗಳ ರಾಷ್ಟ್ರೀಯ ಸಂಘ ಹುಟ್ಟಿತು. ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆ. ಅಟ್ಲಾಂಟಾದಲ್ಲಿ 1908ರಲ್ಲಿ ಲುಜೀನಿಯಾ ಬರ್ನ್ಸ್ ಹೋಪ್ ನೆರೆಹೊರೆಯ ಹೆಂಗಸರನ್ನೇ ಕೂಡಿಸಿ ಆರೋಗ್ಯ, ಶಾಲೆಗಳ ಕೆಲಸಕ್ಕಿಳಿದರು. ನಮ್ಮಲ್ಲೂ ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರಲ್ಲಿ ಹುಟ್ಟಿದ್ದು ಹೆಣ್ಣುಮಕ್ಕಳ ಓದಿನ ಚಿಂತೆಯಿಂದ. ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಪರದೇಶದ ಕನ್ನಡತಿಯರು ಹೊಸದೇನನ್ನೋ ಮಾಡಬೇಕಿಲ್ಲ, ಅಜ್ಜಿಯರು ಬಿಟ್ಟ ಕೆಲಸ ಮುಂದುವರಿಸಿದರೆ ಸಾಕು.

ಈ ವರ್ಷ ಆ ಕೆಲಸಕ್ಕೆ ಕಾರಣಗಳು ಹೆಚ್ಚಿವೆ. ಎಚ್‌-4 ಕೆಲಸದ ಪರವಾನಗಿಯ ವಿರುದ್ಧ ಬಹುಕಾಲ ನಡೆದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಪರವಾನಗಿ ಉಳಿಯಿತು. ಆದರೆ ಅದೇ ತಿಂಗಳ 30ರಿಂದ, ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ತಾನಾಗಿಯೇ ಸಿಗುತ್ತಿದ್ದ ವಿಸ್ತರಣೆಯನ್ನು ಅಲ್ಲಿನ ಸರ್ಕಾರ ನಿಲ್ಲಿಸಿದೆ. ಹೊಸ ಪರವಾನಗಿ ಕೈಗೆ ಬರುವ ಮೊದಲು ಹಳೆಯದು ಮುಗಿದರೆ, ಕೆಲಸದಲ್ಲಿರುವ ಹೆಣ್ಣುಮಗಳು ಮನೆಯಲ್ಲಿ ಕೂರಬೇಕು. ಇಂಥದ್ದನ್ನು ಜನಪ್ರತಿನಿಧಿಗಳ ಕಚೇರಿಗೆ ಒಬ್ಬೊಬ್ಬರೇ ಬರೆದು ಹೇಳುವುದಕ್ಕಿಂತ ಒಂದು ಬಳಗವಾಗಿ ಹೇಳಿದರೆ ತೂಕವಿರುತ್ತದೆ.

ಇನ್ನು ಊರಿನಲ್ಲಿರುವ ಮನೆಯವರ ಪಾಲು. ಕಾನೂನಿನ ನಾಲ್ಕು ಮಾತು ನಿಮಗೂ ತಿಳಿದಿರಲಿ. ಪಾಸ್‌ಪೋರ್ಟ್ ಮಗಳದು, ಅದನ್ನು ಬಚ್ಚಿಡುವ ಹಕ್ಕು ಗಂಡನಿಗಾಗಲಿ ಅತ್ತೆಮಾವನಿಗಾಗಲಿ ಇಲ್ಲ. ಹಿಂಸೆಯಿಂದ ರಕ್ಷಣೆ ಕೋರಿ ಅಲ್ಲಿನ ನ್ಯಾಯಾಲಯಕ್ಕೆ ಹೋಗಲು ವೀಸಾ ಯಾವುದೆಂಬುದು ಅಡ್ಡಿಯಲ್ಲ. ಗಂಡ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವನಾಗಿದ್ದರೆ, ಹಿಂಸೆಗೊಳಗಾದ ಹೆಂಡತಿ ಅವನ ಸಹಿ ಇಲ್ಲದೆ ತಾನೇ ಅರ್ಜಿ ಹಾಕಲು 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ದಾರಿ ಮಾಡಿದೆ. ಎಚ್‌-1ಬಿ ಗಂಡನಿಂದ ಹಿಂಸೆ ಅನುಭವಿಸಿದವಳು ಕೆಲಸದ ಪರವಾನಗಿ ಕೇಳುವುದಕ್ಕೂ ಕಾನೂನಿನಲ್ಲಿ ಜಾಗವಿದೆ. ನಿಯಮಗಳು ಬದಲಾಗುತ್ತಿರುತ್ತವೆ; ಆದ್ದರಿಂದ ನೆಂಟರಿಷ್ಟರ ಮಾತು ನಂಬಿ ಹೆಜ್ಜೆ ಇಡದೆ ವಲಸೆ ಕಾನೂನು ಬಲ್ಲ ವಕೀಲರನ್ನೇ ಕೇಳಬೇಕು. ಅಲ್ಲಿ ಗಂಡ ಒಬ್ಬನೇ ವಿಚ್ಛೇದನದ ತೀರ್ಪು ತಂದರೆ ಎಲ್ಲ ಮುಗಿಯಿತು ಎಂದು ಕೈಚೆಲ್ಲಬೇಡಿ. ಹಿಂದೂ ವಿವಾಹವೊಂದಕ್ಕೆ ಮಿಸ್ಸೌರಿಯಲ್ಲಿ ಪಡೆದ ಅಂಥ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಮಾನ್ಯ ಮಾಡಲಿಲ್ಲ.

ಎಲ್ಲಿ ಕೇಳಬೇಕೆಂಬುದೂ ಗೊತ್ತಿರಲಿ. ವರ್ಜೀನಿಯಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾದಲ್ಲಿರುವವರು ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಜಾರ್ಜಿಯಾ, ದಕ್ಷಿಣ ಕೆರೊಲಿನಾದವರು ಅಟ್ಲಾಂಟಾದ ಕಾನ್ಸುಲೇಟ್ ವ್ಯಾಪ್ತಿಗೆ. ಗಂಡ ಬಿಟ್ಟುಹೋದ ಹೆಣ್ಣುಮಕ್ಕಳಿಗೆ ಕಾನೂನು ಹೋರಾಟಕ್ಕೆ ಹಣದ ನೆರವು ಕೊಡುವ ವ್ಯವಸ್ಥೆ ವಿದೇಶಾಂಗ ಸಚಿವಾಲಯದಲ್ಲಿದೆ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ವಿಭಾಗವಿದೆ. ಆಯೋಗದ ಸಹಾಯವಾಣಿ 7827170170. ಆದರೆ ಎನ್‌ಆರ್‌ಐ ಮದುವೆಗಳ ನೋಂದಣಿಗಾಗಿ 2019ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾನೂನಾಗಲಿಲ್ಲ. 2024ರಲ್ಲಿ ಕಾನೂನು ಆಯೋಗ ಮತ್ತೆ ಸಮಗ್ರ ಕಾನೂನು ಬೇಕೆಂದು ಶಿಫಾರಸು ಮಾಡಿತು. ನಮ್ಮ ಸಂಸದರನ್ನು ಈ ಬಗ್ಗೆ ಕೇಳುವುದು ಊರಿನಲ್ಲಿರುವ ನಮ್ಮ ಕೆಲಸ. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಯೂ ಮದುವೆಯಾಗಿ ಹೊರಡುವ ಹೆಣ್ಣುಮಕ್ಕಳಿಗಾಗಿ ಇಷ್ಟೆಲ್ಲ ವಿಷಯವನ್ನು ಸರಳ ಕನ್ನಡದಲ್ಲಿ ನಾಲ್ಕು ಪುಟದಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಅದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಕೊನೆಯದಾಗಿ, ಮಗಳ ಜೊತೆ ಮಾತಾಡುವ ಹೊತ್ತಿನ ಬಗ್ಗೆ. ಚಳಿಗಾಲದಲ್ಲಿ ಆ ಊರುಗಳಿಗೂ ನಮಗೂ ಹತ್ತೂವರೆ ಗಂಟೆಯ ಅಂತರ. ನಾವು ಬೆಳಗ್ಗೆ ಏಳಕ್ಕೆ ಕಾಫಿ ಕುಡಿಯುತ್ತಾ ಫೋನ್ ಮಾಡಿದರೆ ಅಲ್ಲಿ ರಾತ್ರಿ ಎಂಟೂವರೆ; ಮನೆಮಂದಿಯೆಲ್ಲ ಪಕ್ಕದಲ್ಲೇ ಇರುತ್ತಾರೆ. ನಮ್ಮ ರಾತ್ರಿ ಹತ್ತಕ್ಕೆ ಮಾಡಿದರೆ ಅಲ್ಲಿ ಬೆಳಗಿನ ಹನ್ನೊಂದೂವರೆ. ಆಗ ಅವಳು ಒಬ್ಬಳೇ ಇರುವ ಸಂಭವ ಹೆಚ್ಚು. ವಾರಕ್ಕೊಮ್ಮೆಯಾದರೂ ಆ ಹೊತ್ತಿಗೆ ಮಾಡಿ. ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಪತ್ರದ ಒಂದೊಂದು ಪ್ರತಿ ತವರಿನಲ್ಲಿರಲಿ. ಅಲ್ಲಿ ಅವಳಿಗೆ ಗೊತ್ತಿರುವ ಒಬ್ಬ ಕನ್ನಡತಿಯ ನಂಬರ್ ನಿಮ್ಮ ಬಳಿಯೂ ಇರಲಿ. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಮಾತು ಮೊದಲೇ ಬಾರದಿರಲಿ. ತವರಿನ ಬಾಗಿಲು ತೆರೆದಿದೆ ಎಂದು ಗೊತ್ತಿರುವ ಹೆಣ್ಣುಮಗಳಿಗೆ ಸಾವಿರಾರು ಮೈಲಿಯಾಚೆಯೂ ಕಾಲು ಗಟ್ಟಿಯಾಗಿರುತ್ತದೆ.

ಈ ತಿಂಗಳು ವಾಷಿಂಗ್ಟನ್, ಅಟ್ಲಾಂಟಾ, ರಾಲೀ, ಷಾರ್ಲಟ್‌ಗಳಲ್ಲಿ ಕೂಟ ಸೇರುವ ಸೋದರಿಯರಿಗೆ ಹಬ್ಬದ ಶುಭಾಶಯಗಳು. ಹಾಡಿ, ನಲಿಯಿರಿ, ಹೊಟ್ಟೆ ತುಂಬ ಉಣ್ಣಿ. ಹೊಸದಾಗಿ ಬಂದು ಮೂಲೆಯಲ್ಲಿ ಕೂತಿರುವ ಹುಡುಗಿಯ ಪಕ್ಕದಲ್ಲಿ ಒಬ್ಬರಾದರೂ ಕೂತು, ಯಾವ ಊರಮ್ಮ ನಿಮ್ಮದು ಎಂದು ಕೇಳಿ.