ದಲ್ಲಾಳಿಯೊಡನೆ ವ್ಯವಹಾರ

ಕ್ಯಾಂಟೀನಿನಲ್ಲೋ ಕಾರ್ಖಾನೆಯಲ್ಲೋ ಮೂವತ್ತು ವರ್ಷ ದುಡಿದು, ಪ್ರಾವಿಡೆಂಟ್ ಫಂಡಿನ ಹಣ ಕೈಸೇರಿದಾಗ, ಬದಲಾಪುರದ ಕಡೆಯೋ ನಾಲಾಸೋಪಾರದ ಕಡೆಯೋ ಇನ್ನೊಂದು ಖೋಲಿ ಕೊಂಡು ಬಾಡಿಗೆಗೆ ಕೊಟ್ಟರೆ ಮುದಿತನಕ್ಕೆ ಆಧಾರವಾದೀತೆಂಬ ಯೋಚನೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಬರುತ್ತಿದೆ. ಯೋಚನೆ ತಪ್ಪಲ್ಲ. ಆದರೆ ಆ ಹಣ ಮೊದಲು ಹೋಗಿ ನಿಲ್ಲುವುದು ದಲ್ಲಾಳಿಯ ಬಾಗಿಲಲ್ಲಿ. ಅಲ್ಲಿ ನಮ್ಮವರು ನಡೆದುಕೊಳ್ಳುವ ರೀತಿಯ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ.

ಕೆಲವು ತಿಂಗಳ ಹಿಂದೆ ಸದಸ್ಯರೊಬ್ಬರು ನಮ್ಮ ಕಚೇರಿಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತರು. ತಮ್ಮ ಊರಿನವನೇ ಆದ ದಲ್ಲಾಳಿಯ ಕೈಗೆ ಮುಂಗಡವೆಂದು ಎರಡು ಲಕ್ಷ ರೂಪಾಯಿ ನಗದು ಕೊಟ್ಟಿದ್ದರು. ರಶೀದಿ ಇಲ್ಲ. ಏಕೆ ಕೇಳಲಿಲ್ಲವೆಂದರೆ, "ನಮ್ಮವನ ಹತ್ತಿರ ರಶೀದಿ ಕೇಳುವುದು ಹೇಗೆ?" ಎಂದರು. ಖೋಲಿಯ ಮಾಲಿಕನು ಅದನ್ನು ಬೇರೆಯವರಿಗೆ ಮಾರಿಬಿಟ್ಟಿದ್ದ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಪಂಗಡವೂ ನಮ್ಮಲ್ಲಿದೆ. ಇವರಿಗೆ ದಲ್ಲಾಳಿಯೆಂದರೆ ಕಳ್ಳನೇ. ಅವನನ್ನು ಬಿಸಿಲಿನಲ್ಲಿ ಅಲೆದಾಡಿಸಿ ಹತ್ತು ಖೋಲಿ ನೋಡುತ್ತಾರೆ. ಕೊನೆಗೆ ಅವನ ಬೆನ್ನ ಹಿಂದೆ ಮಾಲಿಕನನ್ನು ಕಂಡು ದಲಾಲಿ ಉಳಿಸಿದೆವೆಂದು ಬೀಗುತ್ತಾರೆ. ಹೀಗೆ ಉಳಿಸಿದ್ದು ಮತ್ತೊಬ್ಬನ ಕೂಲಿ. ಕೂಲಿ ಕಳೆದುಕೊಂಡವರ ಸಂಕಟವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ದಲ್ಲಾಳಿ ಕಳ್ಳನೂ ಅಲ್ಲ, ನೆಂಟನೂ ಅಲ್ಲ. ಕೂಲಿಗೆ ಕೆಲಸ ಮಾಡುವವನು. ಕೂಲಿ ಗೊತ್ತುಮಾಡದೆ ಕೆಲಸಕ್ಕೆ ಇಳಿಯಬೇಡಿರೆಂದು ಹೇಳುತ್ತ ಬಂದಿರುವ ಸಂಘದವರು ನಾವು. ಅದೇ ಮಾತು ಇಲ್ಲಿಯೂ ನಿಲ್ಲುತ್ತದೆ. ಹಳೆಯ ಮನೆಯ ಮಾರಾಟದಲ್ಲಿ ಇಲ್ಲಿನ ರೂಢಿಯ ದಲಾಲಿ ಸಾಮಾನ್ಯವಾಗಿ ಬೆಲೆಯ ಶೇಕಡಾ 1ರಿಂದ 2. ಮಾರುವವನಿಂದಲೂ ಅವನು ಪಡೆಯುವುದುಂಟು. ಬಿಲ್ಡರನ ಹೊಸ ಮನೆಯಾದರೆ ಹಣ ಹೆಚ್ಚಾಗಿ ಬಿಲ್ಡರನಿಂದಲೇ ಬರುತ್ತದೆ. ಹೀಗಿರುವಾಗ "ನೀವು ಯಾರ ಕಡೆಯವರು, ಯಾರಿಂದ ಎಷ್ಟು?" ಎಂದು ಮೊದಲ ದಿನವೇ ಕೇಳಿ ಬರೆಸಿಕೊಂಡರೆ ಮರ್ಯಾದೆಗೆಟ್ಟ ಮಾತಾಗುವುದಿಲ್ಲ. ಒಳ್ಳೆಯ ದಲ್ಲಾಳಿ ಇದಕ್ಕೆ ಮುನಿಸಿಕೊಳ್ಳುವುದೂ ಇಲ್ಲ.

ಕಾಯಿದೆಯ ಬೆಂಬಲವೂ ಸ್ವಲ್ಪಮಟ್ಟಿಗೆ ಇದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ಪ್ರಕಾರ ನೋಂದಾಯಿತ ಯೋಜನೆಯ ಮನೆಗಳನ್ನು ಮಾರಿಸಿಕೊಡುವ ದಲ್ಲಾಳಿಯೂ ನೋಂದಣಿ ಮಾಡಿಸಿಕೊಂಡಿರಬೇಕು. ಮಹಾರಾಷ್ಟ್ರದಲ್ಲಿ 2023ರಿಂದ ಅವರಿಗೆ ತರಬೇತಿ, ಪರೀಕ್ಷೆಗಳೂ ಬಂದಿವೆ. ಕರಾರುಪತ್ರ ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ. ಆದರೆ ನಮ್ಮವರು ಕೊಳ್ಳುವುದು ಹೆಚ್ಚಾಗಿ ಕೈಬದಲಾಗುವ ಹಳೆಯ ಖೋಲಿಗಳನ್ನು. ಅಲ್ಲಿಗೆ ಈ ಕಾಯಿದೆಯ ಕೈ ಅಷ್ಟಾಗಿ ಚಾಚುವುದಿಲ್ಲ. ಚೆಕ್ಕು, ರಶೀದಿ, ಮಾಲಿಕನ ಸಹಿ, ಇವೇ ನಮ್ಮ ಕಾಯಿದೆ. ಮುಂಗಡವು ಮಾಲಿಕನ ಹೆಸರಿನ ಚೆಕ್ಕಿನಲ್ಲಿಯೇ ಹೋಗಬೇಕು. ದಲ್ಲಾಳಿಯ ಜೇಬು ಅದರ ಜಾಗವಲ್ಲ.

ಕೊಳ್ಳುವವರ ಕಡೆಯಿಂದಲೂ ನಡತೆ ಬೇಕು. ಕೈಯಲ್ಲಿರುವ ಹಣವೆಷ್ಟು, ಬ್ಯಾಂಕಿನ ಸಾಲವೆಷ್ಟು ಎಂಬುದನ್ನು ಮುಚ್ಚಿಟ್ಟು ಅವನ ಕಾಲ ಕಳೆಯಬಾರದು. ನೋಂದಣಿಯಾದ ದಿನವೇ, ಚೌಕಾಶಿಯಿಲ್ಲದೆ, ಮಾತಾಡಿದ ದಲಾಲಿ ಕೊಟ್ಟುಬಿಡಬೇಕು. ಏಕೆಂದರೆ ಬಾಡಿಗೆಗೆಂದು ಕೊಂಡವರಿಗೆ ದಲ್ಲಾಳಿಯ ಅಗತ್ಯ ಅಂದಿಗೆ ತೀರುವುದಿಲ್ಲ. ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಮಳೆಗಾಲದಲ್ಲಿ ಯಾವ ಗೋಡೆ ಸೋರುತ್ತದೆ, ಸೊಸೈಟಿಗೆ ಹಿಂದಿನವನ ಬಾಕಿ ಇದೆಯೇ, ಆ ಕಟ್ಟಡದಲ್ಲಿ ನಿಜವಾಗಿ ಸಿಗುವ ಬಾಡಿಗೆ ಎಷ್ಟು, ಇವೆಲ್ಲ ಗೊತ್ತಿರುವುದು ಅವನಿಗೆ. ಒಬ್ಬ ಬಾಡಿಗೆದಾರ ಬಿಟ್ಟುಹೋದ ತಿಂಗಳೇ ಇನ್ನೊಬ್ಬನನ್ನು ತರುವವನೂ ಅವನೇ. ಆದರೆ ಬಾಡಿಗೆಯ ಕರಾರನ್ನು ನೋಂದಾಯಿಸುವ ಹೊಣೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಮನೆಯೊಡೆಯನದು. "ದಲ್ಲಾಳಿ ಮಾಡಿಸುತ್ತೇನೆಂದಿದ್ದ" ಎಂದರೆ ಪೋಲೀಸರೂ ಕೇಳರು, ನ್ಯಾಯಾಲಯವೂ ಕೇಳದು.

ನಮ್ಮ ಆ ಸದಸ್ಯರ ಹಣದಲ್ಲಿ ಕಂತುಕಂತಾಗಿ ಒಂದು ಲಕ್ಷ ಇಪ್ಪತ್ತು ಸಾವಿರ ಬಂದಿದೆ. ಉಳಿದದ್ದಕ್ಕೆ ವಾಯಿದೆಯ ಮೇಲೆ ವಾಯಿದೆ. ಈ ವರ್ಷವೂ ಊರಿನ ಜಾತ್ರೆಗೆ ಇಬ್ಬರೂ ಹೋಗಿದ್ದರು. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.